ವಾರ್ಡು ಬದಲಾದರೂ ಬದಲಾಗದ ಒಂದು ಸಂಖ್ಯೆ: ಬೆಂಗಳೂರಿನ ಸಾರ್ವಜನಿಕ ಕಟ್ಟಡಗಳ ಪಟ್ಟಿ ಕುರಿತು ಬಹಿರಂಗ ಪತ್ರ

ಗೆ,
ಮುಖ್ಯ ಆಯುಕ್ತರು, ಗ್ರೇಟರ್ ಬೆಂಗಳೂರು ಪ್ರಾಧಿಕಾರ,
ಹಾಗೂ ಬೆಂಗಳೂರು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ನಗರ ಪಾಲಿಕೆಗಳ ಆಯುಕ್ತರು.

ಮಾನ್ಯರೆ,

ನಾನು ಈ ನಗರದ ಕಾಲೇಜೊಂದರಲ್ಲಿ ಮೂರು ದಶಕ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು. 2025ರ ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದಾಗ, ಗಡಿ ಎಲ್ಲಿ, ವಾರ್ಡು ಎಷ್ಟು, ಮೀಸಲಾತಿ ಯಾರಿಗೆ ಎಂಬ ಚರ್ಚೆಯನ್ನು ಎಲ್ಲರಂತೆ ನಾನೂ ಓದಿದೆ. ಆದರೆ ನನ್ನ ಮನಸ್ಸು ನಿಂತದ್ದು ಬೇರೆಡೆ. ನಮ್ಮ ಮನೆಗಳಲ್ಲಿ ಅಣ್ಣತಮ್ಮಂದಿರು ಭಾಗವಾಗುವಾಗ ಪಾಲುಪಾರಿಖತ್ತು ಬರೆಯುವ ಮೊದಲು ಹಿರಿಯರು ಕುಳಿತು ಒಂದು ಪಟ್ಟಿ ಮಾಡುತ್ತಾರೆ. ಜಮೀನು, ಬಾವಿ, ಹಿತ್ತಲು, ಕೊಟ್ಟಿಗೆ, ಹಿತ್ತಾಳೆಯ ಹಂಡೆ, ಒಂದೊಂದೂ ಅದರಲ್ಲಿ ಬರುತ್ತದೆ. ಜಮೀನಿಗೆ ಮನೆಗೆ ಚಕ್ಕುಬಂದಿಯನ್ನೂ ಬರೆಯುತ್ತಾರೆ. ಪಟ್ಟಿಯಲ್ಲಿ ಬಾರದ ವಸ್ತುವಿಗಾಗಿಯೇ ಮುಂದೆ ಮೂರು ತಲೆಮಾರು ಕೋರ್ಟು ಹತ್ತುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಸುಮಾರು 710 ಚದರ ಕಿಲೋಮೀಟರಿನ ಈ ನಗರವನ್ನು ಐದು ಪಾಲು ಮಾಡಿದಾಗ ನಗರದ ಜನರಿಗೆ ಸೇರಿದ ಕಟ್ಟಡಗಳು, ಅವುಗಳಲ್ಲಿ ನಡೆಯುವ ಸೌಲಭ್ಯಗಳು ಯಾವುವು, ಎಲ್ಲಿವೆ, ಯಾರ ಕೈಯಲ್ಲಿವೆ ಎಂಬ ಪಟ್ಟಿ ನಾಗರಿಕರ ಕಣ್ಣೆದುರಿಗೆ ಬರಬೇಕಿತ್ತು. ಅದನ್ನು ಕೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಈ ವಿಷಯ ಹತ್ತಿರವಾದದ್ದು ಒಂದು ಸಣ್ಣ ಕಾರಣದಿಂದ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ತುಂಬಿದಾಗ, ಬಂಧುಗಳನ್ನು ಕರೆದು ಊಟ ಹಾಕಲು ಒಂದು ಸಾಧಾರಣ ಸಭಾಂಗಣ ಬೇಕಾಯಿತು. ಅವರು ಗಾಲಿಕುರ್ಚಿಯಲ್ಲಿದ್ದಾರೆ, ಛತ್ರಗಳ ಬಾಡಿಗೆ ಕೊಡುವ ಶಕ್ತಿ ಆ ಮನೆಗಿಲ್ಲ. ನಮ್ಮ ವಾರ್ಡಿನಲ್ಲಿ ಸಾರ್ವಜನಿಕ ಸಮುದಾಯ ಭವನಗಳು ಎಷ್ಟಿವೆ, ಯಾವುದಕ್ಕೆ ಇಳಿಜಾರು ದಾರಿ ಇದೆ, ಯಾವುದರಲ್ಲಿ ಗಾಲಿಕುರ್ಚಿ ಹೋಗುವಷ್ಟು ಅಗಲದ ಶೌಚಾಲಯವಿದೆ ಎಂಬುದಷ್ಟೇ ನಮ್ಮ ಪ್ರಶ್ನೆ. ಮೂರು ಕಚೇರಿಗಳನ್ನು ಸುತ್ತಿದೆ. ಎಲ್ಲಿಯೂ ಯಾರೂ ಒರಟಾಗಿ ಮಾತನಾಡಲಿಲ್ಲ. ಒಬ್ಬ ಗುಮಾಸ್ತರಂತೂ ಬೀರುವಿನಿಂದ ನಾಲ್ಕು ಕಡತ ಇಳಿಸಿ ಹುಡುಕಿದರು. ಕೊನೆಗೆ ತಿಳಿದದ್ದು ಇಷ್ಟು: ನಮ್ಮ ಬೀದಿಯ ಕೊನೆಯಲ್ಲೇ ಇರುವ ಭವನದ ಜಾಗ ಒಂದು ಸಂಸ್ಥೆಗೆ ಸೇರಿದ ಸಿ.ಎ. ನಿವೇಶನ (ನಾಗರಿಕ ಸೌಲಭ್ಯಕ್ಕೆಂದು ಮೀಸಲಿಟ್ಟ ಜಾಗ), ಕಟ್ಟಡ ಕಟ್ಟಿಸಿದ್ದು ಇನ್ನೊಂದು ಸಂಸ್ಥೆ, ಬೀಗದ ಕೈ ಇರುವುದು ಮೂರನೆಯವರ ಬಳಿ. ಅದು ತಮ್ಮದೆಂದು ಬರೆದುಕೊಂಡ ಒಂದು ಹಾಳೆಯೂ ಆ ಮೂವರಲ್ಲಿ ಯಾರ ಬಳಿಯೂ ನನಗೆ ಕಾಣಸಿಗಲಿಲ್ಲ. ಅಜ್ಜಿಯ ಊಟ ಮನೆಯ ಮಹಡಿಯ ಮೇಲೆ ನಡೆಯಿತು. ಅವರನ್ನು ಕುರ್ಚಿಸಮೇತ ನಾಲ್ವರು ಎತ್ತಿಕೊಂಡು ಹತ್ತಿದರು.

ನಗರಕ್ಕೆ ಪಟ್ಟಿ ಮಾಡಲು ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2000ದಲ್ಲಿ ಸ್ವಯಂ ಘೋಷಣೆಯ ಆಸ್ತಿ ತೆರಿಗೆ ಪದ್ಧತಿ ಬಂತು. 2008ರಲ್ಲಿ ಬಡಾವಣೆಯ ವಲಯ ಮತ್ತು ಕಟ್ಟಡದ ವಿಸ್ತೀರ್ಣದ ಮೇಲೆ ಲೆಕ್ಕ ಹಾಕುವ ಪದ್ಧತಿ ಜಾರಿಯಾಯಿತು. ಆಮೇಲೆ ಉಪಗ್ರಹ ನಕ್ಷೆಯ ಆಧಾರದ ಮೇಲೆ ಆಸ್ತಿಗಳಿಗೆ ಪಿ.ಐ.ಡಿ. ಎಂಬ ಗುರುತಿನ ಸಂಖ್ಯೆ ಕೊಟ್ಟರು, 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. 20 ಲಕ್ಷಕ್ಕೂ ಹೆಚ್ಚು ಆಸ್ತಿಗಳ ಖಾತಾ ವಿವರಗಳನ್ನು ಗಣಕೀಕರಿಸಿ ಜನರ ಮುಂದಿಟ್ಟದ್ದು ದೊಡ್ಡ ಕೆಲಸ, ಅದರ ಹಿಂದಿರುವ ಸಾವಿರಾರು ನೌಕರರ ಶ್ರಮವನ್ನು ಪಟ್ಟಿ ಮಾಡುವುದನ್ನೇ ವೃತ್ತಿಯಾಗಿ ಬಾಳಿದ ನನ್ನಂಥವಳು ಬೇರೆಯವರಿಗಿಂತ ಚೆನ್ನಾಗಿ ಬಲ್ಲೆ. ಆದರೆ ಈ ಎಲ್ಲ ಪಟ್ಟಿಗಳು ಹುಟ್ಟಿದ್ದು ಕಂದಾಯದ ಸಲುವಾಗಿ. ಖಾತಾ ಎಂಬ ಪದದ ಅರ್ಥವೇ ಲೆಕ್ಕ. ಈ ಜಾಗದ ತೆರಿಗೆ ಯಾರು ಕಟ್ಟಬೇಕು ಎಂಬುದರ ಲೆಕ್ಕ. ಹೀಗಾಗಿ ಯಾವ ಕಟ್ಟಡ ತೆರಿಗೆ ಕಟ್ಟಬೇಕಿಲ್ಲವೋ ಅದು ತಾನಾಗಿಯೇ ಪಟ್ಟಿಯ ಅಂಚಿಗೆ ಸರಿಯುತ್ತದೆ. ನಗರದ ಸ್ವಂತ ಶಾಲೆ, ಹೆರಿಗೆ ಆಸ್ಪತ್ರೆ, ಗರಡಿಮನೆ, ರಂಗಮಂದಿರ, ಚಿತಾಗಾರ, ಸಾರ್ವಜನಿಕ ಶೌಚಾಲಯಗಳಿಂದ ತೆರಿಗೆ ಬರುವುದಿಲ್ಲ. ಅವುಗಳ ಬಳಿಗೆ ವರ್ಷಕ್ಕೊಮ್ಮೆ ರಸೀದಿ ಪುಸ್ತಕ ಹೋಗದ ಕಾರಣ ಅಧಿಕಾರಿಯ ಕಣ್ಣೂ ಹೋಗುವುದಿಲ್ಲ. ನನ್ನ ಮೂವತ್ತು ಅಡಿ ನಲವತ್ತು ಅಡಿಯ ಮನೆಗೆ ಪಿ.ಐ.ಡಿ. ಇದೆ, ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆ ಇದೆ, ನೀರಿನ ಸಂಪರ್ಕದ ಸಂಖ್ಯೆ ಇದೆ, ಇ-ಖಾತಾದಲ್ಲಿ ಮನೆಯ ಮುಂಭಾಗದ ಛಾಯಾಚಿತ್ರವೂ ಇದೆ. ನಮ್ಮೆಲ್ಲರಿಗೂ ಸೇರಿದ ಆ ಸಮುದಾಯ ಭವನದ ಗೋಡೆಯ ಮೇಲೆ ಒಂದು ಅಂಕಿಯೂ ಇಲ್ಲ.

ಇಲಾಖೆಗಳಲ್ಲಿ ಪಟ್ಟಿಗಳಿರುತ್ತವೆ, ಅದೂ ನಿಜ. ಆರೋಗ್ಯ ವಿಭಾಗಕ್ಕೆ ತನ್ನ ಆಸ್ಪತ್ರೆಗಳ ಪಟ್ಟಿ, ಶಿಕ್ಷಣ ವಿಭಾಗಕ್ಕೆ ತನ್ನ ಶಾಲೆಗಳ ಪಟ್ಟಿ, ಎಂಜಿನಿಯರುಗಳಿಗೆ ಜಾಬ್ ಕೋಡ್‌ಗಳ ಪ್ರಕಾರ ಕಾಮಗಾರಿಗಳ ಪಟ್ಟಿ, ಲೆಕ್ಕಪತ್ರ ವಿಭಾಗಕ್ಕೆ ಸ್ಥಿರಾಸ್ತಿಗಳ ವಹಿ. ಒಂದೇ ಕಟ್ಟಡ ಈ ನಾಲ್ಕರಲ್ಲೂ ನಾಲ್ಕು ಹೆಸರಿನಿಂದ ಕುಳಿತಿರಬಹುದು, ಒಂದರಲ್ಲೂ ಇಲ್ಲದೆಯೂ ಇರಬಹುದು. ನಾಲ್ಕನ್ನೂ ಜೋಡಿಸುವ ಸಾಮಾನ್ಯ ಸಂಖ್ಯೆಯೊಂದು ಇಲ್ಲದಿರುವಾಗ ಇದು ಅದೇ ಕಟ್ಟಡವೆಂದು ಯಾವ ಗಣಕಯಂತ್ರವೂ ಹೇಳಲಾರದು.

ಇಲ್ಲಿ ನನ್ನ ವೃತ್ತಿಯ ಒಂದು ಮಾತು ಹೇಳಬೇಕು. ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದ ಕೂಡಲೇ ಅದನ್ನು ಅಕ್ಸೆಷನ್ ರಿಜಿಸ್ಟರಿನಲ್ಲಿ ಬರೆದು ಒಂದು ಸಂಖ್ಯೆ ಕೊಡುತ್ತೇವೆ. ಪುಸ್ತಕ ಯಾವ ಕಪಾಟಿನಲ್ಲಿ ಕೂರಬೇಕು ಎನ್ನುವುದನ್ನು ಹೇಳುವ ಸಂಖ್ಯೆ ಬೇರೆ; ಕಪಾಟು ಬದಲಾದಾಗ, ವಿಷಯ ವಿಂಗಡಣೆ ಬದಲಾದಾಗ ಅದು ಬದಲಾಗಬಹುದು. ಆದರೆ ಅಕ್ಸೆಷನ್ ಸಂಖ್ಯೆ ಆ ಪ್ರತಿ ಇರುವ ತನಕ ಬದಲಾಗುವುದಿಲ್ಲ. ಬೈಂಡು ಹಾಕಿಸಿದರೂ ಅದೇ, ಬೇರೆ ಶಾಖೆಗೆ ಕಳುಹಿಸಿದರೂ ಅದೇ. ಪುಸ್ತಕ ಕಳೆದುಹೋದರೆ ಆ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಕಾರಣ ಮತ್ತು ದಿನಾಂಕ ಬರೆದು, ಸಹಿ ಹಾಕುತ್ತೇವೆ. ಆ ಸಂಖ್ಯೆಯನ್ನು ಮತ್ತೊಂದು ಪುಸ್ತಕಕ್ಕೆ ಎಂದಿಗೂ ಕೊಡುವುದಿಲ್ಲ.

ಬೆಂಗಳೂರಿನ ಪಿ.ಐ.ಡಿ. ಸಂಖ್ಯೆಯ ರಚನೆಯನ್ನು ನೋಡಿ: ಮೊದಲು ವಾರ್ಡು, ನಂತರ ರಸ್ತೆ, ನಂತರ ನಿವೇಶನ. ಅಂದರೆ ಕಪಾಟಿನ ಸಂಖ್ಯೆಯನ್ನೇ ಪುಸ್ತಕದ ಗುರುತಾಗಿ ಬಳಸಿದ್ದೇವೆ. ಈ ನಗರದಲ್ಲಿ ಕಪಾಟುಗಳು ಎಷ್ಟು ಸಲ ಜರುಗಿವೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ತಿಳಿದಿದೆ. 100 ವಾರ್ಡುಗಳ ಮಹಾನಗರ ಪಾಲಿಕೆ 2007ರ ನಂತರ 198 ವಾರ್ಡುಗಳ ಬೃಹತ್ ಪಾಲಿಕೆಯಾಯಿತು. ಆಮೇಲೆ 243 ಎಂದು ಗೆರೆ ಎಳೆದರು, ಅದನ್ನು ಅಳಿಸಿ 225 ಎಂದರು. ಈಗ ಐದೂ ಪಾಲಿಕೆಗಳದು ಸೇರಿ 369. ಪ್ರತಿ ಸಲವೂ ಹಳೆಯ ಸಂಖ್ಯೆಯ ಮುಂದೆ ಹೊಸ ವಾರ್ಡಿನ ಹೆಸರು ಅಂಟಿಕೊಂಡು, ಕಾಗದದಲ್ಲಿ ಒಂದು, ಫಲಕದಲ್ಲಿ ಒಂದು, ಜನರ ಬಾಯಲ್ಲಿ ಇನ್ನೊಂದು ಉಳಿಯಿತು. ಖಾಸಗಿ ಆಸ್ತಿಯ ಮಾಲೀಕರು ತಮ್ಮ ಹಿತಕ್ಕಾಗಿ ಓಡಾಡಿ ಇದನ್ನು ಸರಿಮಾಡಿಸಿಕೊಳ್ಳುತ್ತಾರೆ. ಹಾಗೆ ಓಡಾಡುವ ಮಾಲೀಕ ಸಾರ್ವಜನಿಕ ಕಟ್ಟಡಕ್ಕೆ ಇಲ್ಲ.

2007ರ ವಿಲೀನವನ್ನೇ ನೆನೆಯೋಣ. ಯಲಹಂಕ, ದಾಸರಹಳ್ಳಿ, ಬ್ಯಾಟರಾಯನಪುರ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ ಎಂಬ 7 ನಗರಸಭೆಗಳು, ಕೆಂಗೇರಿ ಪುರಸಭೆ, ಅವುಗಳ ಜೊತೆಗೆ 110 ಹಳ್ಳಿಗಳು ನಗರದೊಳಗೆ ಬಂದವು. ಜನರ ಜೊತೆಗೆ ಆ ಊರುಗಳು ಕಟ್ಟಡಗಳನ್ನೂ ತಂದವು: ಪಂಚಾಯಿತಿ ಕಚೇರಿ, ಊರ ಚಾವಡಿ, ಹಾಲಿನ ಡೇರಿಗೆ ಕೊಟ್ಟ ಕೊಠಡಿ, ಶಾಲೆಯ ಪಕ್ಕದ ಬಯಲು ರಂಗಮಂದಿರ, ಕೆರೆಯ ಏರಿಯ ಮೇಲಿನ ಪಂಪ್‌ಹೌಸ್, ಸ್ಮಶಾನದ ಬಳಿಯ ತಂಗುಮನೆ. ಗುಂಡುತೋಪು, ಗೋಮಾಳ, ಖರಾಬು ಜಮೀನುಗಳ ಬಗ್ಗೆಯಾದರೂ ಕಂದಾಯ ಇಲಾಖೆಯ ಪಹಣಿಯಲ್ಲಿ ಸರ್ವೆ ನಂಬರಿನೊಂದಿಗೆ ಒಂದು ಸಾಲು ಇರುತ್ತದೆ. ಪಹಣಿ ಜಮೀನಿನ ಕತೆ ಹೇಳುತ್ತದೆ. ಅದರ ಮೇಲೆ ಊರಿನವರು ಕಟ್ಟಿಕೊಂಡ ಎರಡು ಕೋಣೆಯ ಚಾವಡಿಯ ಕತೆ ಹೇಳುವುದಿಲ್ಲ. ಹದಿನೆಂಟು ವರ್ಷಗಳ ನಂತರ ಮತ್ತೊಮ್ಮೆ ಗಡಿ ಬದಲಾಗಿದೆ. ಈ ಸಲವೂ ಪಟ್ಟಿಯಾಗದಿದ್ದರೆ ಆ ಕೋಣೆಗಳು ಯಾವ ಪಾಲಿಕೆಯ ಪಾಲಿಗೂ ಬಾರದೆ, ಪಕ್ಕದ ಗೋಡೆಯವರ ಪಾಲಾಗುತ್ತವೆ ಎಂಬುದೇ ನನ್ನ ಭಯ.

ಪಟ್ಟಿ ಮಾಡಲು ಕುಳಿತಾಗ ಮೊದಲು ಬರುವ ತೊಡಕು, ಪಟ್ಟಿ ಮಾಡಬೇಕಾದ್ದು ಯಾವುದನ್ನು ಎಂಬುದು. ಜಾಗ ಒಂದು, ಕಟ್ಟಡ ಇನ್ನೊಂದು, ಅದರೊಳಗಿನ ಸೌಲಭ್ಯ ಮತ್ತೊಂದು. ನಮ್ಮ ಖಾತಾ ಪದ್ಧತಿಯಲ್ಲಿ ಈ ಮೂರೂ ಕಲಸಿಹೋಗಿವೆ. ಜನಗಣತಿಯವರು ಇದನ್ನು ಎಷ್ಟೋ ಹಿಂದೆಯೇ ಬಿಡಿಸಿಕೊಂಡಿದ್ದಾರೆ: ಅವರ ಲೆಕ್ಕದಲ್ಲಿ ಕಟ್ಟಡಕ್ಕೆ ಒಂದು ಸಂಖ್ಯೆ, ಪ್ರತ್ಯೇಕ ಮುಖ್ಯ ಬಾಗಿಲಿರುವ ಭಾಗವನ್ನು ಗಣತಿ ಮನೆ ಎಂದು ಕರೆದು ಅದಕ್ಕೊಂದು ಸಂಖ್ಯೆ, ಅದರೊಳಗೆ ಒಂದೇ ಒಲೆಯಲ್ಲಿ ಉಣ್ಣುವ ಕುಟುಂಬಕ್ಕೆ ಮತ್ತೊಂದು. ನ್ಯೂಯಾರ್ಕ್ ನಗರದಲ್ಲಿ ನಿವೇಶನಕ್ಕೆ 10 ಅಂಕಿಗಳ ಸಂಖ್ಯೆ ಇದೆ, ಆ ನಿವೇಶನದ ಮೇಲೆ ನಿಂತ ಪ್ರತಿ ಕಟ್ಟಡಕ್ಕೂ 7 ಅಂಕಿಗಳ ಬೇರೆ ಸಂಖ್ಯೆ ಇದೆ. ಶಾಲೆ, ಗ್ರಂಥಾಲಯ, ಚಿಕಿತ್ಸಾಲಯಗಳಂಥ ಸೌಲಭ್ಯಗಳ ಪಟ್ಟಿಯನ್ನು ಅಲ್ಲಿನ ನಗರ ಯೋಜನಾ ಇಲಾಖೆ ಹತ್ತಾರು ಇಲಾಖೆಗಳ ದಾಖಲೆಗಳನ್ನು ಹೊಂದಿಸಿ ಪ್ರತ್ಯೇಕವಾಗಿ ಪ್ರಕಟಿಸುತ್ತದೆ, ಯಾರು ಬೇಕಾದರೂ ಅದನ್ನು ಇಳಿಸಿಕೊಳ್ಳಬಹುದು. ಅವರ ಪದ್ಧತಿಯನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ. ಜಾಗ, ಕಟ್ಟಡ, ಸೌಲಭ್ಯ ಎಂಬ ಮೂರನ್ನು ಬೇರೆ ಬೇರೆ ವಹಿಗಳಲ್ಲಿ ಬರೆದು, ಒಂದರ ಸಂಖ್ಯೆಯನ್ನು ಇನ್ನೊಂದರಲ್ಲಿ ನಮೂದಿಸುವ ಕ್ರಮವಷ್ಟೇ ನಮಗೆ ಬೇಕು.

ಇದರ ಅಗತ್ಯವನ್ನು ತೋರಿಸಲು ನನಗೆ ಪ್ರಿಯವಾದ ಉದಾಹರಣೆ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯವೇ. ಆಸ್ತಿ ತೆರಿಗೆಯ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಉಪಕರವನ್ನು ಪಾಲಿಕೆ ವಸೂಲು ಮಾಡುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆ ಹಣ ಸಲ್ಲಬೇಕಾದದ್ದು ಗ್ರಂಥಾಲಯಗಳಿಗೆ. ಗ್ರಂಥಾಲಯ ನಡೆಸುವುದು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ. ಅದು ಕುಳಿತಿರುವ ಕೋಣೆ ಎಷ್ಟೋ ಕಡೆ ಪಾಲಿಕೆಯ ಕಟ್ಟಡದ ಒಂದು ಮಹಡಿ. ಚಾವಣಿ ಸೋರಿದರೆ ರಿಪೇರಿ ಯಾರದು? ಕಟ್ಟಡವನ್ನು ಒಡೆದು ಕಾಂಪ್ಲೆಕ್ಸ್ ಕಟ್ಟಲು ಹೊರಟಾಗ, ಒಳಗೆ ಗ್ರಂಥಾಲಯವಿದೆ ಎಂಬ ಮಾತು ಕಡತದಲ್ಲಿ ಎಲ್ಲಿ ಬರುತ್ತದೆ? ಕಟ್ಟಡದ ಪಟ್ಟಿಯಲ್ಲಿ ಗ್ರಂಥಾಲಯವಿಲ್ಲ, ಗ್ರಂಥಾಲಯದ ಪಟ್ಟಿಯಲ್ಲಿ ಕಟ್ಟಡವಿಲ್ಲ. ಅಂಗನವಾಡಿಗಳ ಸ್ಥಿತಿಯೂ ಇದೇ.

ಈ ಬಗೆಯ ತೊಡಕನ್ನು ಬಿಡಿಸುವ ವಿದ್ಯೆಗೆ ಬೆಂಗಳೂರು ಹೊಸದಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಇದೇ ನಗರದಲ್ಲಿ ಕಳೆದರು. ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು 1962ರಲ್ಲಿ ಇಲ್ಲಿಯೇ ಸ್ಥಾಪಿಸಿದರು. ಒಂದು ವಿಷಯವನ್ನು ಒಂದೇ ಖಾನೆಯಲ್ಲಿ ತುರುಕದೆ, ಅದಕ್ಕಿರುವ ಹಲವು ಮುಖಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಜೋಡಿಸಬೇಕೆಂಬುದು ಅವರು ಜಗತ್ತಿಗೆ ಕಲಿಸಿದ ಪಾಠ. ಅದೇ ಕಣ್ಣಿನಿಂದ ನಮ್ಮ ಸಮುದಾಯ ಭವನವನ್ನು ನೋಡಿದರೆ, ನೆಲದ ಒಡೆಯರು ಯಾರು, ಕಟ್ಟಿಸಿದವರು ಯಾರು, ಯಾವ ವರ್ಷ, ದುರಸ್ತಿ ಯಾರ ಹೊಣೆ, ಒಳಗೆ ಸೇವೆ ನಡೆಸುವವರು ಯಾರು, ಬಾಗಿಲು ತೆರೆಯುವ ಹೊತ್ತು ಯಾವುದು, ಗುತ್ತಿಗೆಗೆ ಕೊಟ್ಟಿದ್ದರೆ ಯಾವ ತಾರೀಖಿನವರೆಗೆ, ಕುಡಿಯುವ ನೀರು ಶೌಚಾಲಯ ಇಳಿಜಾರು ದಾರಿಗಳಿವೆಯೇ ಎಂಬ ಪ್ರತಿಯೊಂದೂ ಒಂದು ಸ್ವತಂತ್ರ ಅಂಕಣ. ಮಾಲೀಕತ್ವದ ವಿವಾದ ಮುಗಿಯುವ ತನಕ ಪಟ್ಟಿ ಕಾಯಬೇಕಿಲ್ಲ. ‘ವಿವಾದದಲ್ಲಿದೆ’ ಎಂದು ಬರೆದರೂ ಅದು ಒಂದು ಮಾಹಿತಿಯೇ.

ಇಳಿಜಾರು ದಾರಿಯ ವಿಷಯ ಅಜ್ಜಿಯೊಬ್ಬರ ಸಂಕಟವಷ್ಟೇ ಅಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 45ನೆಯ ಕಲಮು, ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಈಗಿರುವ ಎಲ್ಲ ಸಾರ್ವಜನಿಕ ಕಟ್ಟಡಗಳು ಅವರ ಬಳಕೆಗೆ ಒದಗುವಂತಿರಬೇಕು ಎನ್ನುತ್ತದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿದಿದೆ. ಎಲ್ಲ ಕಟ್ಟಡಗಳು ಎಂದರೆ ಯಾವುವು ಎಂಬ ಪಟ್ಟಿಯೇ ಎದುರಿಗಿಲ್ಲದಾಗ, ಎಷ್ಟು ಕೆಲಸವಾಗಿದೆ, ಎಷ್ಟು ಬಾಕಿಯಿದೆ ಎಂದು ನೀವಾದರೂ ಹೇಗೆ ಅಳೆಯುತ್ತೀರಿ, ನಾವಾದರೂ ಹೇಗೆ ಕೇಳಬೇಕು?

ಹಾಗೆಯೇ 2005ರ ಮಾಹಿತಿ ಹಕ್ಕು ಕಾಯ್ದೆ. ಅದರ 4(1)(ಎ) ಕಲಮು ಅರ್ಜಿ ಹಾಕಿ ಮಾಹಿತಿ ಪಡೆಯುವ ವಿಷಯ ಹೇಳುವುದಿಲ್ಲ. ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಸೂಚಿಸಹಿತ ಕ್ರಮಬದ್ಧವಾಗಿ ಪಟ್ಟಿಮಾಡಿಟ್ಟುಕೊಳ್ಳಬೇಕು ಎನ್ನುತ್ತದೆ. ಗ್ರಂಥಪಾಲಕರ ಕೆಲಸವನ್ನು ಕಾನೂನಿನ ಕರ್ತವ್ಯವನ್ನಾಗಿ ಮಾಡಿದ ಸಾಲು ಅದು, ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಹಿಂದೊಮ್ಮೆ ಸಾಲಕ್ಕಾಗಿ ಪಾಲಿಕೆ ತನ್ನ ಹಳೆಯ ಮಾರುಕಟ್ಟೆಗಳನ್ನೂ ಕಚೇರಿ ಕಟ್ಟಡಗಳನ್ನೂ ಅಡವಿಟ್ಟದ್ದು ಊರಿಗೆಲ್ಲ ಗೊತ್ತಿರುವ ಸಂಗತಿ. ಸಾಲ ಕೊಡುವವರ ಮುಂದೆ ಇಡುವಷ್ಟು ವಿವರ ಆ ಕಟ್ಟಡಗಳ ಬಗ್ಗೆ ಸಿದ್ಧವಾಗಬಹುದಾದರೆ, ಉಳಿದವುಗಳ ಬಗ್ಗೆ ನಾಗರಿಕರ ಮುಂದಿಡುವಷ್ಟು ವಿವರವೂ ಸಿದ್ಧವಾಗಬಹುದು.

ಖಾಸಗಿ ಮನೆಗಳ ಮಾತನ್ನು ನಾನು ಆಡುತ್ತಿಲ್ಲ ಎಂಬುದನ್ನು ಸ್ಪಷ್ಟಪಡಿಸುತ್ತೇನೆ. ಯಾರ ಮನೆ ಎಷ್ಟು ಚದರ, ಯಾರು ಎಷ್ಟು ತೆರಿಗೆ ಬಾಕಿ ಉಳಿಸಿಕೊಂಡಿದ್ದಾರೆ ಎಂಬುದು ಬೀದಿಗೆ ಬರಬೇಕಿಲ್ಲ. ನಾನು ಕೇಳುತ್ತಿರುವುದು ಜನರ ಹಣದಿಂದ ಕಟ್ಟಿದ, ಜನರ ಬಳಕೆಗಾಗಿ ಇರುವ ಕಟ್ಟಡಗಳ ಪಟ್ಟಿಯನ್ನು ಮಾತ್ರ.

ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೂ ಒಂದು ದಾರಿ ಕಂಡಿದೆ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಮನೆಗಳನ್ನು ಗುರುತಿಸುವಾಗ ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು, ಮೀಟರ್ ರೀಡರುಗಳೇ ಬಂದು ಬಾಗಿಲಿಗೆ ಚೀಟಿ ಅಂಟಿಸಿದರು. ಮನೆ ಹುಡುಕಲು ಮೀಟರು ನೆರವಾಯಿತಲ್ಲ, ಸಾರ್ವಜನಿಕ ಕಟ್ಟಡಕ್ಕೂ ಮೀಟರು ಇರುತ್ತದೆ. ಅದರ ಬಿಲ್ಲನ್ನು ಯಾವುದೋ ಇಲಾಖೆ ತಿಂಗಳು ತಿಂಗಳು ಪಾವತಿಸುತ್ತಿರುತ್ತದೆ. ಬೆಸ್ಕಾಂ ಮತ್ತು ಜಲಮಂಡಳಿಯಿಂದ ಸರ್ಕಾರಿ ಹಾಗೂ ಪಾಲಿಕೆ ಸಂಪರ್ಕಗಳ ಪಟ್ಟಿ ತರಿಸಿ, ವಾರ್ಡುವಾರು ದುರಸ್ತಿ ಕಾಮಗಾರಿಗಳ ಬಿಲ್ಲುಗಳೊಂದಿಗೆ ಹೋಲಿಸಿದರೆ, ಒಬ್ಬರೂ ಬೀದಿಗಿಳಿಯುವ ಮೊದಲೇ ಕರಡು ಪಟ್ಟಿಯ ಬಹುಭಾಗ ಕೈಗೆ ಬರುತ್ತದೆ. ಪಟ್ಟಿ ಪ್ರಾಧಿಕಾರದ ಮಟ್ಟದಲ್ಲಿ ಒಂದೇ ಇರಲಿ. ಸಂಖ್ಯೆಯೊಳಗೆ ವಾರ್ಡಾಗಲಿ ಪಾಲಿಕೆಯ ಹೆಸರಾಗಲಿ ಸೇರದಿರಲಿ. ಅವೆರಡೂ ಪಕ್ಕದ ಅಂಕಣದಲ್ಲಿರಲಿ, ನಾಳೆ ಬದಲಾದರೆ ಅಲ್ಲಿ ಬದಲಾಯಿಸಿದರಾಯಿತು. ಕೆಡವಿದ ಕಟ್ಟಡದ ಸಾಲನ್ನು ಅಳಿಸದೆ, ಕೆಡವಿದ ದಿನಾಂಕ ಮತ್ತು ಆದೇಶದ ಸಂಖ್ಯೆ ಬರೆದು ಉಳಿಸಿ.

ಹೆಸರಿನ ಬಗ್ಗೆ ಒಂದು ಮಾತು. ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ಹಳಬರು ಸಿಟಿ ಮಾರ್ಕೆಟ್ ಎನ್ನುತ್ತಾರೆ, ಬಸ್ಸಿನ ಫಲಕ ಕೆ.ಆರ್. ಮಾರುಕಟ್ಟೆ ಎನ್ನುತ್ತದೆ. ಸರ್ ಪುಟ್ಟಣ್ಣ ಚೆಟ್ಟಿ ಪುರಭವನವನ್ನು ಆಟೋ ಚಾಲಕರಿಗೆ ಹೇಳಬೇಕಾದರೆ ಟೌನ್ ಹಾಲ್ ಎನ್ನಬೇಕು. ನಮ್ಮ ಸೂಚಿ ಪೆಟ್ಟಿಗೆಗಳಲ್ಲಿ ‘ನೋಡಿ’ ಎಂಬ ಚೀಟಿಗಳಿರುತ್ತಿದ್ದವು. ಓದುಗರು ಯಾವ ಹೆಸರಿನಿಂದ ಹುಡುಕಿದರೂ ಅವು ಸರಿಯಾದ ಜಾಗಕ್ಕೆ ಮುಟ್ಟಿಸುತ್ತಿದ್ದವು. ನಗರದ ಪಟ್ಟಿಯಲ್ಲಿಯೂ ಅಧಿಕೃತ ಹೆಸರಿನ ಪಕ್ಕದಲ್ಲಿ ಜನರ ಬಾಯಿಯ ಹೆಸರುಗಳಿಗೆ ಜಾಗವಿರಲಿ, ಮತ್ತು ಇಡೀ ಪಟ್ಟಿ ಮೊದಲು ಕನ್ನಡದಲ್ಲಿ ಸಿದ್ಧವಾಗಲಿ. ಇಂಗ್ಲಿಷಿನಲ್ಲಿ ಟೈಪು ಮಾಡಿ ಯಂತ್ರದಿಂದ ಕನ್ನಡಕ್ಕೆ ತಿರುಗಿಸಿದ ಹೆಸರುಗಳು ಹಳ್ಳಿಯ ಹೆಸರುಗಳನ್ನು ಹೇಗೆ ಕೆಡಿಸುತ್ತವೆ ಎಂಬುದನ್ನು ಫಲಕಗಳ ಮೇಲೆ ದಿನವೂ ಕಾಣುತ್ತಿದ್ದೇವೆ.

ಪಟ್ಟಿ ಒಮ್ಮೆ ಆದರೆ ಸಾಲದು. ಗ್ರಂಥಾಲಯದಲ್ಲಿ ಕಾಲಕಾಲಕ್ಕೆ ಬಾಗಿಲು ಹಾಕಿ, ರಿಜಿಸ್ಟರು ಹಿಡಿದು, ಒಂದೊಂದು ಪುಸ್ತಕವನ್ನೂ ಮುಟ್ಟಿ ನೋಡುತ್ತಿದ್ದೆವು. ನಗರಕ್ಕೂ ಅಂಥ ತಪಾಸಣೆ ವರ್ಷಕ್ಕೊಮ್ಮೆ ಬೇಕು, ಅದರಲ್ಲಿ ಆಯಾ ವಾರ್ಡಿನ ನಿವಾಸಿಗಳು ಸೇರಬೇಕು. ಇದು ಆಗದ ಮಾತಲ್ಲ ಎಂದು ತಿಳಿಯಲು ನಾನೇ ಎರಡು ಭಾನುವಾರ ನಮ್ಮ ವಾರ್ಡಿನ ಬೀದಿಗಳನ್ನು ನಡೆದೆ. ಕಾವಲುಗಾರರು, ಹೂ ಮಾರುವವರು, ಪೌರಕಾರ್ಮಿಕರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಬೀಗ ಹಾಕಿ ಕಿಟಕಿ ಮುರಿದ ಒಂದು ಕಟ್ಟಡ ಹಿಂದೆ ಹೊಲಿಗೆ ತರಬೇತಿ ಕೇಂದ್ರವಾಗಿತ್ತೆಂದು ಪೌರಕಾರ್ಮಿಕ ಮಹಿಳೆಯೊಬ್ಬರಿಂದ ತಿಳಿಯಿತು. ಅವರು ಅಲ್ಲಿಯೇ ಹೊಲಿಗೆ ಕಲಿತವರು. ನನ್ನ ಹಾಗೆ ನಿವೃತ್ತರಾದ ಗ್ರಂಥಪಾಲಕರು, ಶಿಕ್ಷಕರು, ಗ್ರಾಮಲೆಕ್ಕಿಗರು ಪ್ರತಿ ವಾರ್ಡಿನಲ್ಲೂ ಇದ್ದಾರೆ. ನಮಗೊಂದು ನಮೂನೆ, ಒಂದು ಗುರುತಿನ ಪತ್ರ, ಪ್ರಶ್ನೆ ಬಂದರೆ ಉತ್ತರಿಸುವ ಒಬ್ಬ ಅಧಿಕಾರಿಯನ್ನು ಕೊಟ್ಟರೆ ನಾವು ನಡೆಯಲು ಸಿದ್ಧ.

ಆ ಎರಡು ಭಾನುವಾರಗಳಲ್ಲಿ ಬರೆದುಕೊಂಡ ಆರು ಪುಟಗಳ ಪ್ರತಿಯನ್ನು ಈ ಪತ್ರದೊಂದಿಗೆ ನಿಮ್ಮ ಕಚೇರಿಗೆ ಸಲ್ಲಿಸುತ್ತಿದ್ದೇನೆ. ಮೊದಲ ಸಾಲು ನಮ್ಮ ಬೀದಿಯ ಸಮುದಾಯ ಭವನದ್ದು. ಅದರ ಮುಂದೆ ‘ಸಂಖ್ಯೆ’ ಮತ್ತು ‘ಹೊಣೆ ಹೊತ್ತವರು’ ಎಂಬ ಎರಡು ಅಂಕಣಗಳನ್ನು ಖಾಲಿ ಬಿಟ್ಟಿದ್ದೇನೆ. ಅವನ್ನು ತುಂಬಿಸಿ ಒಂದು ಪ್ರತಿಯನ್ನು ನನಗೆ ಹಿಂದಿರುಗಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕಿ, ಬೆಂಗಳೂರು ದಕ್ಷಿಣ